ಚಳಿಗೆ ಒಡೆದ ಮುಖಕ್ಕೆ ಯಾವ ಎಣ್ಣೆ? ಕುಸುಬೆಯಿಂದ ಸ್ಕ್ವಾಲೇನ್‌ವರೆಗೆ ಒಂದು ಹೋಲಿಕೆ

ನಾನು ಮೊದಲ ಸಲ ಮನೆಯಲ್ಲಿ ಫೇಸ್ ಸೀರಮ್ ಮಾಡಿದ್ದು ಬೆಂಗಳೂರಿನಲ್ಲಿ, ಒಂದು ನವೆಂಬರ್‌ನಲ್ಲಿ. ಮುಕ್ಕಾಲು ಪಾಲು ಕೊಬ್ಬರಿ ಎಣ್ಣೆ, ಕಾಲು ಪಾಲು ಆಲಿವ್ ಎಣ್ಣೆ. ಚೆಂದದ ಕಂದು ಡ್ರಾಪರ್ ಬಾಟಲಿಗೆ ತುಂಬಿಸಿ, ಏನೋ ಸಾಧಿಸಿದ ಹಾಗೆ ಬೀಗಿದ್ದೆ. ಡಿಸೆಂಬರ್‌ನಲ್ಲಿ ಅದನ್ನೇ ಬ್ಯಾಗಿಗೆ ಹಾಕಿಕೊಂಡು ಧಾರವಾಡಕ್ಕೆ ಹೋದೆ. ಬೆಳಿಗ್ಗೆ ಎದ್ದು ನೋಡಿದರೆ ಎಣ್ಣೆ ಬಾಟಲಿಯೊಳಗೇ ಹೆಪ್ಪುಗಟ್ಟಿ ಕೂತಿದೆ. ಡ್ರಾಪರ್ ಒತ್ತಿದರೆ ಪುಸ್ ಅಂತ ಗಾಳಿ ಬರುತ್ತದೆ, ಎಣ್ಣೆ ಬರುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಅನ್ನುವುದು ಗೊತ್ತಿರದ ವಿಷಯವೇನಲ್ಲ. ಯೋಚನೆ ಮಾಡಿರಲಿಲ್ಲ, ಅಷ್ಟೇ.

ಚಿಕ್ಕಮ್ಮ ಬಾಟಲಿಯನ್ನು ಬಿಸಿನೀರಿನ ತಂಬಿಗೆಯೊಳಗೆ ನಿಲ್ಲಿಸಿದರು. ಅದು ಕರಗುವಷ್ಟರಲ್ಲಿ ಅಡುಗೆಮನೆಯಿಂದ ಸ್ಟೀಲ್ ಬಟ್ಟಲಲ್ಲಿ ಬೇರೆ ಎಣ್ಣೆ ತಂದುಕೊಟ್ಟರು. "ಕುಸುಬಿ ಎಣ್ಣಿ. ಹಚ್ಚಿಕೋ, ಎಂಥಾ ಥಂಡಿಗೂ ಗಟ್ಟಿ ಆಗಂಗಿಲ್ಲ." ಅವತ್ತು ನಕ್ಕು ಸುಮ್ಮನಾಗಿದ್ದೆ. ಈಗ ನನ್ನ ಪ್ರತಿ ಚಳಿಗಾಲದ ಬಾಟಲಿಯಲ್ಲೂ ಅದೇ ಇರುತ್ತದೆ. ಯಾಕೆ ಅಂತ ಹೇಳುತ್ತೇನೆ. ಅದು ಬೇಡದವರು ಏನು ಹಾಕಿಕೊಳ್ಳಬಹುದು ಅಂತಲೂ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ

ಎಣ್ಣೆ ಹಚ್ಚಿದರೆ ಚರ್ಮಕ್ಕೆ ತೇವ ಸಿಗುತ್ತದೆ ಅಂತ ಸಾಕಷ್ಟು ಜನ ಅಂದುಕೊಂಡಿದ್ದಾರೆ. ಎಣ್ಣೆಯಲ್ಲಿ ನೀರು ಎಲ್ಲಿಂದ ಬರಬೇಕು? ಚರ್ಮದ ಮೇಲ್ಪದರ ಹೆಂಚಿನ ಮಾಡಿನ ಹಾಗೆ. ಸತ್ತ ಜೀವಕೋಶಗಳು ಒಂದರ ಮೇಲೊಂದು ಹೆಂಚಿನಂತೆ ಕೂತಿರುತ್ತವೆ, ಅವುಗಳ ಸಂದಿಯಲ್ಲಿ ಕೊಬ್ಬಿನ ಅಂಶ ಇರುತ್ತದೆ. ಮಾಡಿನ ಹೆಂಚು ಹೊರಗಿನ ನೀರು ಒಳಗೆ ಬರದಂತೆ ತಡೆದರೆ, ಇದು ಒಳಗಿನ ನೀರು ಹೊರಗೆ ಹೋಗದಂತೆಯೂ ತಡೆಯಬೇಕು. ಚಳಿಗಾಲದ ಒಣಗಾಳಿ, ಹಬೆಯಾಡುವ ಸ್ನಾನದ ನೀರು, ನೊರೆ ಉಕ್ಕುವ ಫೇಸ್‌ವಾಶ್ ಮೂರೂ ಸೇರಿ ಆ ಸಂದಿಯ ಕೊಬ್ಬನ್ನು ತೊಳೆದುಬಿಡುತ್ತವೆ. ಆಮೇಲೆ ಮುಖ ಬಿಗಿಯುತ್ತದೆ, ಕೆನ್ನೆ ಬೂದಿ ಬಳಿದ ಹಾಗೆ ಆಗುತ್ತದೆ, ನಕ್ಕರೆ ತುಟಿ ಬಿರಿಯುತ್ತದೆ.

ಎಣ್ಣೆಯ ಕೆಲಸ ಆ ಸಂದಿಯನ್ನು ಮುಚ್ಚುವುದು. ಹಾಗಾಗಿ ಒಣಮುಖಕ್ಕೆ ಎಣ್ಣೆ ಹಚ್ಚಿದರೆ ಒಣಗಿದ್ದನ್ನೇ ಮುಚ್ಚಿಟ್ಟ ಹಾಗಾಗುತ್ತದೆ. ಮುಖ ತೊಳೆದು, ಒರೆಸದೆ, ಇನ್ನೂ ಹಸಿ ಇರುವಾಗಲೇ ಹಚ್ಚಬೇಕು. ನೀವು ಯಾವ ಎಣ್ಣೆ ಆರಿಸಿದರೂ ಇದೊಂದು ಮಾತ್ರ ಬದಲಾಗುವುದಿಲ್ಲ.

ಮುಚ್ಚುವುದೇ ಮುಖ್ಯ ಅಂದರೆ ಪೆಟ್ರೋಲಿಯಂ ಜೆಲ್ಲಿಯನ್ನು ಯಾವ ಎಣ್ಣೆಯೂ ಮೀರಿಸುವುದಿಲ್ಲ. ಚರ್ಮದಿಂದ ಆವಿಯಾಗುವ ನೀರನ್ನು ಅದು 98 ಪರ್ಸೆಂಟ್‌ವರೆಗೂ ತಡೆಯುತ್ತದೆ, ಬೇರೆ ಎಣ್ಣೆಗಳು 20–30ರ ಆಸುಪಾಸು. ಆದರೆ ಅದನ್ನು ಬಳಿದುಕೊಂಡು ಆಫೀಸಿಗೆ ಹೋಗಲು ಯಾರಿಗೂ ಇಷ್ಟ ಇಲ್ಲ ಅಲ್ವಾ! ತುಟಿಗೆ, ಹಿಮ್ಮಡಿಗೆ, ಮೂಗಿನ ಅಂಚಿಗೆ ಅದೇ ಇರಲಿ. ಮುಖಕ್ಕೆ ಹಗುರವಾದದ್ದು ಬೇಕು, ಅದಕ್ಕೇ ಈ ಸೀರಮ್ ಗೊಡವೆ.

ಆಯ್ಕೆ ನಿಂತಿರುವುದು ಎರಡು ಆಮ್ಲಗಳ ಮೇಲೆ

ಅಂಗಡಿಯಲ್ಲಿ ನಲವತ್ತು ಥರ ಎಣ್ಣೆ ಸಿಗುತ್ತದೆ. ತಲೆ ಕೆಡಿಸಿಕೊಳ್ಳಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಲಿನೋಲಿಯಿಕ್ ಆಮ್ಲ ಜಾಸ್ತಿಯೋ, ಓಲಿಯಿಕ್ ಆಮ್ಲ ಜಾಸ್ತಿಯೋ? ಎರಡೂ ಎಣ್ಣೆಯಲ್ಲಿ ಸಹಜವಾಗಿಯೇ ಇರುವ ಕೊಬ್ಬಿನಾಮ್ಲಗಳು.

ಲಿನೋಲಿಯಿಕ್ ಜಾಸ್ತಿ ಇರುವ ಎಣ್ಣೆ ತೆಳು. ಬೇಗ ಇಂಗುತ್ತದೆ, ಜಿಡ್ಡು ಕಡಿಮೆ. ಹೆಂಚಿನ ಸಂದಿಯಲ್ಲಿರುವ ಸೆರಮೈಡ್ ಅನ್ನುವ ಕೊಬ್ಬನ್ನು ಕಟ್ಟಲು ಚರ್ಮಕ್ಕೆ ಬೇಕಾಗುವುದೂ ಇದೇ ಆಮ್ಲ. ಕುಸುಬೆ, ಸೂರ್ಯಕಾಂತಿ, ದ್ರಾಕ್ಷಿ ಬೀಜ, ಹುಚ್ಚೆಳ್ಳು ಈ ಗುಂಪಿನವು. ಓಲಿಯಿಕ್ ಜಾಸ್ತಿ ಇರುವುದು ದಪ್ಪ, ಹಚ್ಚಿದ ಕೂಡಲೇ ಹಿತ ಅನ್ನಿಸುತ್ತದೆ. ಆಲಿವ್, ಬಾದಾಮಿ ಈ ಕಡೆ. ತೊಂದರೆ ಏನೆಂದರೆ ಓಲಿಯಿಕ್ ಆಮ್ಲ ಚರ್ಮದ ಕೊಬ್ಬಿನ ಜೋಡಣೆಯೊಳಗೆ ನುಗ್ಗಿ ಅದನ್ನು ಸಡಿಲ ಮಾಡುತ್ತದೆ. 2013ರಲ್ಲಿ ಇಂಗ್ಲೆಂಡಿನ ಸಂಶೋಧಕರು ಒಂದು ಸಣ್ಣ ಪ್ರಯೋಗ ಪ್ರಕಟಿಸಿದರು. ಹತ್ತೊಂಬತ್ತು ಜನ, ಮುಂಗೈಗೆ ದಿನಕ್ಕೆ ಎರಡು ಸಲ ಆರಾರು ಹನಿ ಎಣ್ಣೆ, ನಾಲ್ಕೈದು ವಾರ. ಆಲಿವ್ ಎಣ್ಣೆ ಹಚ್ಚಿದ ಕಡೆ ಚರ್ಮದ ತಡೆಗೋಡೆ ಬಲ ಕಳೆದುಕೊಂಡಿತ್ತು, ಸ್ವಲ್ಪ ಕೆಂಪೂ ಆಗಿತ್ತು. ಸೂರ್ಯಕಾಂತಿ ಎಣ್ಣೆ ಹಚ್ಚಿದ ಕಡೆ ಹಾಗೇನೂ ಆಗಿರಲಿಲ್ಲ, ತೇವಾಂಶ ಹೆಚ್ಚಿತ್ತು.

ಅದನ್ನು ಓದಿದಾಗ ನನ್ನ ಮೊದಲ ಬಾಟಲಿ ನೆನಪಾಯಿತು. ಧಾರವಾಡದಲ್ಲಿ ಕರಗಿಸಿಕೊಂಡು ಹಚ್ಚಿದ ಮೇಲೂ ನನ್ನ ಕೆನ್ನೆ ಸಂಜೆಯೊಳಗೆ ಸಿಪ್ಪೆ ಏಳುತ್ತಿತ್ತು. ಎಣ್ಣೆ ಸಾಲದು ಅಂತ ಇನ್ನೂ ಜಾಸ್ತಿ ಹಚ್ಚುತ್ತಿದ್ದೆ.

ಕುಸುಬೆ, ಸೂರ್ಯಕಾಂತಿ

ಉತ್ತರ ಕರ್ನಾಟಕದವರಿಗೆ ಕುಸುಬೆಯ ಪರಿಚಯ ಮಾಡಿಸಬೇಕಿಲ್ಲ. ವಿಜಯಪುರ, ಕಲಬುರಗಿ ಕಡೆ ಹಿಂಗಾರಿಯಲ್ಲಿ ಜೋಳ, ಕಡಲೆ ಹೊಲದ ಅಂಚಿಗೆ ಇದನ್ನು ಬಿತ್ತುತ್ತಾರೆ. ಗಿಡದ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ 70 ಪರ್ಸೆಂಟ್‌ಗೂ ಮೇಲೆ. ಪೇಟೆಯಲ್ಲಿ 'ದ್ರಾಕ್ಷಿ ಬೀಜದ ಎಣ್ಣೆ' ಅಂತ ಪುಟ್ಟ ಬಾಟಲಿಯಲ್ಲಿ ದುಬಾರಿ ಬೆಲೆಗೆ ಮಾರುವುದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಬಳಸಿದ್ದೇನೆ. ಬೆರಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಜೇಬಿಗೆ ಗೊತ್ತಾಗುತ್ತದೆ.

ಆದರೆ ಒಂದು ಎಚ್ಚರಿಕೆ. ಕುಸುಬೆಯಲ್ಲೂ ಸೂರ್ಯಕಾಂತಿಯಲ್ಲೂ 'ಹೈ ಓಲಿಯಿಕ್' ತಳಿಗಳಿವೆ. ಕರಿಯಲು ಅವು ಒಳ್ಳೆಯವು. ನಮ್ಮ ಕೆಲಸಕ್ಕೆ ಉಲ್ಟಾ. ಅಡುಗೆ ಎಣ್ಣೆಯ ಪ್ಯಾಕೆಟ್ ಹಿಂದೆ ಪೌಷ್ಟಿಕಾಂಶದ ಪಟ್ಟಿ ಇರುತ್ತದೆ, ಅಲ್ಲಿ ಪಿಯುಎಫ್‌ಎ, ಎಂಯುಎಫ್‌ಎ ಅಂತ ಎರಡು ಸಾಲು ನೋಡಿ. ಈ ಎರಡು ಎಣ್ಣೆಗಳಲ್ಲಿ ಪಿಯುಎಫ್‌ಎ ಅಂದರೆ ಹೆಚ್ಚೂಕಡಿಮೆ ಪೂರ್ತಿ ಲಿನೋಲಿಯಿಕ್, ಎಂಯುಎಫ್‌ಎ ಅಂದರೆ ಓಲಿಯಿಕ್. 100 ಗ್ರಾಂಗೆ ಪಿಯುಎಫ್‌ಎ 60–70 ಗ್ರಾಂ ಇದ್ದರೆ ತೆಗೆದುಕೊಳ್ಳಿ. ಎಂಯುಎಫ್‌ಎ 70 ಮುಟ್ಟಿದ್ದರೆ ಅದನ್ನು ಬಜ್ಜಿಗೆ ಬಿಡಿ. 'ಬ್ಲೆಂಡೆಡ್' ಅಂತ ಬರೆದದ್ದು ಬೇಡವೇ ಬೇಡ, ಏನೇನು ಬೆರೆತಿದೆಯೋ.

ಲಿನೋಲಿಯಿಕ್ ಎಣ್ಣೆಗಳ ದೌರ್ಬಲ್ಯ ಒಂದೇ: ಬೇಗ ಕೆಡುತ್ತವೆ. ಗಾಳಿ, ಬೆಳಕು ತಾಗಿದರೆ ಕಮಟು ವಾಸನೆ ಹಿಡಿಯುತ್ತದೆ. ಕಮಟು ಎಣ್ಣೆ ಮುಖಕ್ಕೆ ಉರಿ ತರಿಸುತ್ತದೆ. ಕಡಿಮೆ ಕೊಳ್ಳಿ, ಕಡಿಮೆ ಮಾಡಿ.

ಗಾಣದ್ದೋ ರಿಫೈನ್ಡೋ ಅಂತ ಕೇಳುವವರಿದ್ದಾರೆ. ಈಗ ಊರೂರಿಗೆ ಮರದ ಗಾಣ ಬಂದಿದೆ, ಕಣ್ಣೆದುರೇ ಹಿಂಡಿಸಿಕೊಂಡು ಬರಬಹುದು. ಗಾಣದ ಎಣ್ಣೆಯಲ್ಲಿ ವಿಟಮಿನ್ ಇ ಮುಂತಾದವು ಜಾಸ್ತಿ ಉಳಿದಿರುತ್ತವೆ, ವಾಸನೆಯೂ ಉಳಿದಿರುತ್ತದೆ. ರಿಫೈನ್ಡ್‌ಗೆ ವಾಸನೆ ಇಲ್ಲ, ಸೂಕ್ಷ್ಮ ಚರ್ಮಕ್ಕೆ ಕೆರಳಿಸುವ ಅಂಶವೂ ಕಡಿಮೆ. ನನಗೆ ಗಾಣದ್ದೇ ಇಷ್ಟ. ಆದರೆ ಯಾವುದನ್ನು ಹಚ್ಚಿದರೂ ಕೆಂಪಾಗುವ ಮುಖದವರು ರಿಫೈನ್ಡ್ ತೆಗೆದುಕೊಂಡರೆ ನಾನು ತಪ್ಪು ಅನ್ನುವುದಿಲ್ಲ. ಗಾಣದ ಎಣ್ಣೆ ತಂದರೆ ಎರಡು ದಿನ ಅಲುಗಾಡಿಸದೆ ಇಡಿ. ತಳದಲ್ಲಿ ಕೂತ ಗಸಿ ಬಿಟ್ಟು ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ.

ಕೊಬ್ಬರಿ, ಎಳ್ಳು, ಬಾದಾಮಿ

ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಅದು ಸುಲಭಕ್ಕೆ ಕೆಡುವುದಿಲ್ಲ, ಕೈಕಾಲಿಗೆ ತುಂಬಾ ಒಳ್ಳೆಯದು. ಕರಾವಳಿಯಲ್ಲಿ ಬೆಳೆದವರು ನನ್ನ ಮೇಲೆ ಸಿಟ್ಟಾಗುತ್ತಾರೆ ಅಂತ ಗೊತ್ತು, ಆದರೂ ಮುಖದ ಸೀರಮ್‌ಗೆ ನಾನಿದನ್ನು ಹಾಕುವುದಿಲ್ಲ. ಬಾಟಲಿಯಲ್ಲಿ ಗಟ್ಟಿಯಾಗುವ ಕಥೆ ಹೇಳಿದ್ದೇನೆ. ಅದರ ಜೊತೆಗೆ ಮೊಡವೆ ಏಳುವ ಮುಖದಲ್ಲಿ ರಂಧ್ರ ಕಟ್ಟುವ ಹೆಸರು ಇದಕ್ಕಿದೆ. ಮಂಗಳೂರಿನ ಡಿಸೆಂಬರ್ ಬೇರೆ, ಬೀದರ್‌ನ ಡಿಸೆಂಬರ್ ಬೇರೆ. ಸೆಕೆಯ ಊರಲ್ಲಿ, ಮೊಡವೆ ಇಲ್ಲದ ಮುಖಕ್ಕೆ, ನಿಮಗೆ ಇಷ್ಟು ವರ್ಷ ಒಗ್ಗಿದ್ದರೆ ಬಿಡಬೇಕಾಗಿಲ್ಲ. ಕೊಬ್ಬರಿಯೇ ಬೇಕು, ಗಟ್ಟಿಯಾಗಬಾರದು ಅನ್ನುವವರಿಗೆ 'ಫ್ರ್ಯಾಕ್ಷನೇಟೆಡ್' ಅನ್ನುವ ರೂಪ ಸಿಗುತ್ತದೆ. ಅದು ಚಳಿಗೂ ನೀರಾಗಿಯೇ ಇರುತ್ತದೆ, ಆದರೆ ಲಾರಿಕ್ ಆಮ್ಲವನ್ನು ಬಹುಪಾಲು ತೆಗೆದಿರುತ್ತಾರೆ.

ಎಳ್ಳೆಣ್ಣೆಯಲ್ಲಿ ಎರಡು ಆಮ್ಲಗಳೂ ಸರಿಸುಮಾರು ಸಮ, ತಲಾ 40 ಪರ್ಸೆಂಟ್ ಆಸುಪಾಸು. ಸೆಸಮಾಲ್‌ನಂತಹ ಅಂಶಗಳಿಂದ ಕೆಡದೆ ಬಾಳುತ್ತದೆ. ದೀಪಾವಳಿಯ ಎಣ್ಣೆನೀರಿಗೆ ಮೈಗೆಲ್ಲ ತಿಕ್ಕಿಕೊಳ್ಳುವುದು ಇದನ್ನೇ, ಕುಂಕುಮಾದಿ ತೈಲದ ಬುಡವೂ ಇದೇ. ಅಡ್ಡಿ ಅಂದರೆ ಅದರ ವಾಸನೆ. ರಾತ್ರಿ ಹಚ್ಚಿಕೊಂಡರೆ ದಿಂಬೆಲ್ಲ ಒಗ್ಗರಣೆ ಘಮ. ಎಳ್ಳು ತಿಂದರೆ ಅಲರ್ಜಿ ಇರುವವರು ಹತ್ತಿರವೂ ಹೋಗಬೇಡಿ.

ಬಾದಾಮಿ ಎಣ್ಣೆಯಲ್ಲಿ ಓಲಿಯಿಕ್ 65 ಪರ್ಸೆಂಟ್ ಹತ್ತಿರ. ಒಂದೇ ಹಾಕಿದರೆ ಆಲಿವ್ ಕಥೆಯೇ ಆದೀತು. ಕುಸುಬೆಯ ಜೊತೆ ಬೆರೆಸಿದರೆ ಮಾತ್ರ ಸೊಗಸು: ಕುಸುಬೆ ಬೇಗ ಇಂಗಿ ಕಾಣೆಯಾಗುತ್ತದೆ, ಬಾದಾಮಿ ಸ್ವಲ್ಪ ಹೊತ್ತು ಮೇಲೆ ಕೂತು ಬಿಗಿತ ಕಳೆಯುತ್ತದೆ. ಕೊಳ್ಳುವಾಗ ಹಿಂದಿನ ಚೀಟಿ ಓದಿ. 'ಬಾದಾಮಿ ಹೇರ್ ಆಯಿಲ್' ಹೆಸರಿನ ಎಷ್ಟೋ ಬಾಟಲಿಗಳಲ್ಲಿ ಮೊದಲ ಹೆಸರು ಮಿನರಲ್ ಆಯಿಲ್. ಪಟ್ಟಿಯಲ್ಲಿ ಮೊದಲು ಬರುವುದೇ ಜಾಸ್ತಿ ಇರುವುದು. ಮಿನರಲ್ ಆಯಿಲ್ ವಿಷ ಅಂತ ಹೆದರಬೇಕಿಲ್ಲ, ಅದು ಚರ್ಮಕ್ಕೆ ನಿರುಪದ್ರವಿ. ಬಾದಾಮಿಯ ದುಡ್ಡು ಕೊಟ್ಟು ಅದನ್ನು ಯಾಕೆ ತರಬೇಕು ಅನ್ನುವುದಷ್ಟೇ ಪ್ರಶ್ನೆ.

ಹರಳೆಣ್ಣೆ ಅಂಟು, ಮುಖಕ್ಕೆ ಭಾರ. ಸಾಸಿವೆ ಎಣ್ಣೆ ಬೇಡ, ಚರ್ಮದ ತಡೆಗೋಡೆಗೆ ಹಾನಿ ಮಾಡುತ್ತದೆ ಅನ್ನುವುದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ಹೊಂಗೆ, ಬೇವು ಮುಖಕ್ಕೆ ತರುವ ಮಾತೇ ಇಲ್ಲ, ಆ ವಾಸನೆಗೆ ಮನೆಯವರು ಹೊರಗೆ ಕಳಿಸುತ್ತಾರೆ.

ಜೊಜೋಬಾ, ಸ್ಕ್ವಾಲೇನ್

ನಿಮ್ಮ ಬಳಿ ಖರ್ಚಿಗೆ ಸ್ವಲ್ಪ ದುಡ್ಡಿದ್ದರೆ ಅದನ್ನು ಇಲ್ಲಿ ಹಾಕಿ. ಆರ್ಗನ್, ಮರುಲಾ, ಇನ್ನೊಂದು ಮತ್ತೊಂದು ಅಂತ ಹಂಚಬೇಡಿ.

ಎರಡೂ ಎಣ್ಣೆಯ ಹಾಗೆ ಕಾಣುತ್ತವೆ, ಎರಡೂ ನಿಜವಾದ ಎಣ್ಣೆಯಲ್ಲ. ಜೊಜೋಬಾ ಅದೇ ಹೆಸರಿನ ಗಿಡದ ಬೀಜದಿಂದ ಬರುವ, ದ್ರವ ರೂಪದ ಮೇಣ. ರಾಜಸ್ಥಾನದಲ್ಲೂ ಬೆಳೆಯುತ್ತಾರೆ. ನಮ್ಮ ಮುಖದ ಜಿಡ್ಡಿನಲ್ಲಿರುವ ಮೇಣಕ್ಕೂ ಇದಕ್ಕೂ ಹೋಲಿಕೆ ಇದೆ. ಸ್ಕ್ವಾಲೇನ್ ಇನ್ನೂ ತೆಳು, ಬಣ್ಣವಿಲ್ಲ, ವಾಸನೆಯಿಲ್ಲ. ಮುಖದ ಜಿಡ್ಡಿನಲ್ಲಿ ಸ್ಕ್ವಾಲೀನ್ ಅಂತ ಒಂದು ಅಂಶ ಸುಮಾರು 12 ಪರ್ಸೆಂಟ್ ಇರುತ್ತದೆ. ಅದು ಗಾಳಿಗೆ ಬೇಗ ಕೆಡುತ್ತದೆ. ಅದಕ್ಕೆ ಹೈಡ್ರೋಜನ್ ಸೇರಿಸಿ ಕೆಡದಂತೆ ಮಾಡಿದ್ದು ಸ್ಕ್ವಾಲೇನ್. 'ಲೀ' ಮತ್ತು 'ಲೇ' ನಡುವಿನ ಈ ವ್ಯತ್ಯಾಸವನ್ನು ಕೊಳ್ಳುವಾಗ ನೋಡಿಕೊಳ್ಳಿ. ಹಿಂದೆ ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ ತೆಗೆಯುತ್ತಿದ್ದರು. ಈಗ ಆಲಿವ್‌ನಿಂದಲೋ ಕಬ್ಬಿನ ಸಕ್ಕರೆಯಿಂದಲೋ ಮಾಡಿದ್ದು ಸಿಗುತ್ತದೆ, ಚೀಟಿಯಲ್ಲಿ ಬರೆದಿರುತ್ತಾರೆ.

ಎರಡರಲ್ಲಿ ಒಂದೇ ಅಂದರೆ? ಮೊಡವೆ, ಜಿಡ್ಡು ಮುಖದವರಿಗೆ ಸ್ಕ್ವಾಲೇನ್. ಬೈಕಿನಲ್ಲಿ ಓಡಾಡುವವರಿಗೆ, ಗಾಳಿಗೆ ಕೆನ್ನೆ ಒಡೆಯುವವರಿಗೆ ಜೊಜೋಬಾ. ಜೊಜೋಬಾ ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ, ಹೊರಗೆ ಇಟ್ಟರೆ ಮತ್ತೆ ಸರಿಹೋಗುತ್ತದೆ.

ರೋಸ್‌ಹಿಪ್ ಎಣ್ಣೆ, ಅಂದರೆ ಕಾಡುಗುಲಾಬಿ ಬೀಜದ ಎಣ್ಣೆ, ಇದರ ಬಗ್ಗೆಯೂ ಕೇಳುತ್ತಾರೆ. ಲಿನೋಲಿಯಿಕ್ ಜೊತೆಗೆ ಒಮೆಗಾ-3 ಕೂಡ ಚೆನ್ನಾಗಿದೆ, ಹಾಗಾಗಿ ಎಲ್ಲಕ್ಕಿಂತ ಬೇಗ ಕೆಡುತ್ತದೆ. ಫ್ರಿಜ್‌ನಲ್ಲಿಡಬೇಕು, ಆರು ತಿಂಗಳಲ್ಲಿ ಮುಗಿಸಬೇಕು. ಒಂದು ಚಳಿಗಾಲಕ್ಕೆ ಹತ್ತು ಎಂಎಲ್ ಸಾಕು.

ಅಳತೆ

ಹನಿ, ಚಮಚ ಲೆಕ್ಕ ಬಿಡಿ. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಒಂದು ಸಲ ಕೊಂಡರೆ ಸಾಕು. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ 30 ಎಂಎಲ್ ಬಾಟಲಿಗೆ ಸುಮಾರು 27 ಗ್ರಾಂ ಹಿಡಿಯುತ್ತದೆ. ನಾನು ಮಾಡುವ ಮೂರು ಬೆರಕೆಗಳು ಇವು:

ಪೂರ್ತಿ ಒಣ ಚರ್ಮದ ಮುಖಕ್ಕೆ: ಕುಸುಬೆ 13 ಗ್ರಾಂ, ಬಾದಾಮಿ 8 ಗ್ರಾಂ, ಸ್ಕ್ವಾಲೇನ್ 5.8 ಗ್ರಾಂ, ವಿಟಮಿನ್ ಇ 0.2 ಗ್ರಾಂ.

ಹಣೆ, ಮೂಗು ಜಿಡ್ಡು, ಕೆನ್ನೆ ಮಾತ್ರ ಒಣ ಅನ್ನುವವರಿಗೆ: ಸ್ಕ್ವಾಲೇನ್ 16 ಗ್ರಾಂ, ಕುಸುಬೆ 10.8 ಗ್ರಾಂ, ವಿಟಮಿನ್ ಇ 0.2 ಗ್ರಾಂ.

ನಲವತ್ತು ದಾಟಿದ, ತುಂಬಾ ಒಣಗುವ ಮುಖಕ್ಕೆ, ರಾತ್ರಿಗೆ ಮಾತ್ರ: ಬಾದಾಮಿ 10 ಗ್ರಾಂ, ಕುಸುಬೆ 7 ಗ್ರಾಂ, ಜೊಜೋಬಾ 6 ಗ್ರಾಂ, ರೋಸ್‌ಹಿಪ್ 3.8 ಗ್ರಾಂ, ವಿಟಮಿನ್ ಇ 0.2 ಗ್ರಾಂ.

ವಿಟಮಿನ್ ಇ ಅಂದ ಕೂಡಲೇ ಮೆಡಿಕಲ್ ಶಾಪಿನ ಹಸಿರು ಕ್ಯಾಪ್ಸೂಲ್ ಚುಚ್ಚಿ ಹಿಂಡಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಟೋಕೋಫೆರಿಲ್ ಅಸಿಟೇಟ್. ಅದು ಬಾಟಲಿಯೊಳಗಿನ ಎಣ್ಣೆಯನ್ನು ಕಾಯುವುದಿಲ್ಲ. ಎಣ್ಣೆ ಕಮಟಾಗದಂತೆ ತಡೆಯುವುದು 'ಮಿಕ್ಸ್ಡ್ ಟೋಕೋಫೆರಾಲ್'. ಎರಡು ವರ್ಷ ನಾನೂ ಹಸಿರು ಕ್ಯಾಪ್ಸೂಲ್ ಹಿಂಡಿದ್ದೇನೆ, ಬೆರಳು ಅಂಟಾಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಬಾಟಲಿ ಗಾಜಿನದು, ಕಂದು ಬಣ್ಣದ್ದಿರಲಿ. ತೊಳೆದು, 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಕುಲುಕಿ, ಮಗುಚಿಟ್ಟು ರಾತ್ರಿಯಿಡೀ ಒಣಗಿಸಿ. ಡ್ರಾಪರ್‌ನ ರಬ್ಬರ್ ಬುಡದಲ್ಲಿ ಒಂದು ಹನಿ ನೀರು ಅಡಗಿರುತ್ತದೆ, ಅದನ್ನು ಬಿಚ್ಚಿ ಒಣಗಿಸಿ. ನೀರಿಲ್ಲದ ಎಣ್ಣೆಯಲ್ಲಿ ಬೂಷ್ಟು ಬೆಳೆಯುವುದಿಲ್ಲ, ಹಾಗಾಗಿ ಪ್ರಿಸರ್ವೇಟಿವ್ ಬೇಡ. ನೀರು ಸೇರಿತೋ, ಆ ಮಾತು ಮುಗಿಯಿತು. ತಕ್ಕಡಿಯ ಮೇಲೆ ಬಾಟಲಿ ಇಟ್ಟು ಸೊನ್ನೆ ಮಾಡಿ, ಒಂದೊಂದೇ ಎಣ್ಣೆ ಸುರಿಯಿರಿ, ಮುಚ್ಚಳ ಹಾಕಿ ಅಂಗೈ ನಡುವೆ ಹೊರಳಿಸಿ. ಕಾಯಿಸುವುದು ಬೇಡ. ತಾರೀಖು ಬರೆದು ಅಂಟಿಸಿ.

ಬೆರೆಸಬಾರದವು

ಲೋಳೆಸರ, ಗುಲಾಬಿ ನೀರು, ಜೇನು ಎಣ್ಣೆಯಲ್ಲಿ ಕರಗುವುದಿಲ್ಲ. ತಳದಲ್ಲಿ ಕೂತು ಬೂಷ್ಟು ಹಿಡಿಯುತ್ತವೆ. ವಿಟಮಿನ್ ಸಿ ಪುಡಿಯೂ ಅಷ್ಟೇ, ಅದು ನೀರಿನ ಗೆಳೆಯ. ನಿಂಬೆ ಸಿಪ್ಪೆಯಿಂದ ಹಿಂಡಿ ತೆಗೆದ ಎಸೆನ್ಷಿಯಲ್ ಆಯಿಲ್ ಹಚ್ಚಿ ಬಿಸಿಲಿಗೆ ಹೋದರೆ ಮುಖ ಸುಟ್ಟು ಕಲೆಯಾದೀತು. ಲ್ಯಾವೆಂಡರ್ ಘಮ ಬೇಕೇ ಬೇಕು ಅನ್ನುವವರು 0.5 ಪರ್ಸೆಂಟ್ ದಾಟಬೇಡಿ, ಅಂದರೆ 27 ಗ್ರಾಂಗೆ 0.13 ಗ್ರಾಂ. ಒಡೆದ ಚರ್ಮಕ್ಕೆ ಅದೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬಾವಂಚಿ ಬೀಜದ ಬಗ್ಗೆ ಒಂದು ಮಾತು. ಅದರಿಂದ ತೆಗೆಯುವ ಬಕೂಚಿಯಾಲ್‌ಗೆ ಈಗ ಹೆಸರು ಬಂದಿದೆ. 2019ರ ಒಂದು ಅಧ್ಯಯನದಲ್ಲಿ ಸುಕ್ಕು ಮತ್ತು ಕಲೆಯ ವಿಷಯದಲ್ಲಿ ಅದು, ಇವಕ್ಕೇ ಹಚ್ಚುವ ವಿಟಮಿನ್ ಎ ರೂಪವಾದ ರೆಟಿನಾಲ್‌ಗೆ ಸಮನಾಗಿ ಕೆಲಸ ಮಾಡಿತು, ಉರಿ ಕಡಿಮೆ. ಅದನ್ನು ಓದಿ ಗ್ರಂಥಿಗೆ ಅಂಗಡಿಯಿಂದ ಬಾವಂಚಿ ಎಣ್ಣೆ ತಂದು ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಶುದ್ಧ ಮಾಡದ ಎಣ್ಣೆಯಲ್ಲಿ ಸೊರಾಲೆನ್ ಇರುತ್ತದೆ, ಬಿಸಿಲು ತಾಗಿದರೆ ಬೊಬ್ಬೆ ಏಳುತ್ತದೆ.

ಹಚ್ಚುವುದು

ಮೊದಲು ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು ಇಲ್ಲ ಅಂದರೆ ಮುಖಕ್ಕೆ. ಮೂರ್ನಾಲ್ಕು ಹನಿ ಸಾಕು. ಹಸಿ ಅಂಗೈಯಲ್ಲಿ ಉಜ್ಜಿ, ಹಸಿ ಮುಖಕ್ಕೆ ಒತ್ತಿ, ತಿಕ್ಕಬೇಡಿ. ಇನ್ನೂ ಬಿಗಿ ಅನ್ನಿಸಿದರೆ ಎಣ್ಣೆ ಜಾಸ್ತಿ ಮಾಡುವ ಬದಲು, ಅಂಗೈಯ ನೀರಿಗೆ ಒಂದು ಹನಿ ಗ್ಲಿಸರಿನ್ ಬೆರೆಸಿ ಮೊದಲು ಹಚ್ಚಿ, ಅದರ ಮೇಲೆ ಎಣ್ಣೆ. ಬೆಳಿಗ್ಗೆಯಾದರೆ ಎಣ್ಣೆ ಇಂಗಿದ ಮೇಲೆ ಸನ್‌ಸ್ಕ್ರೀನ್. ಎಣ್ಣೆಯೇ ಬಿಸಿಲು ತಡೆಯುತ್ತದೆ ಅನ್ನುವುದು ಸುಮ್ನೆ ಮಾತು.

ಮೂಗಿನ ಪಕ್ಕ, ಹುಬ್ಬಿನ ನಡುವೆ ಹಳದಿ ಹೊಟ್ಟು ಏಳುತ್ತಿದ್ದರೆ ಅದು ಬರೀ ಚಳಿಯ ಒಣಗುವಿಕೆ ಅಲ್ಲದಿರಬಹುದು. ತಲೆಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಅನ್ನುವ ಶಿಲೀಂಧ್ರದ ಕೆಲಸವೂ ಇರಬಹುದು. ಎಣ್ಣೆಯ ಕೊಬ್ಬಿನಾಮ್ಲಗಳೇ ಅದಕ್ಕೆ ಊಟ. ಕುಸುಬೆ, ಕೊಬ್ಬರಿ, ಬಾದಾಮಿ ಯಾವುದೂ ಬೇಡ, ಹಚ್ಚಲೇಬೇಕಿದ್ದರೆ ಬರೀ ಸ್ಕ್ವಾಲೇನ್. ಚರ್ಮದ ಡಾಕ್ಟರಿಗೆ ತೋರಿಸಿ. ರಕ್ತ ಜಿನುಗುವಷ್ಟು ಬಿರುಕು ಬಿಟ್ಟವರೂ ಅಲ್ಲಿಗೇ ಹೋಗಬೇಕು.

ನಾನು ಪ್ರತಿ ವರ್ಷ ದೀಪಾವಳಿ ಮುಗಿದ ವಾರ ಒಂದು ಬಾಟಲಿ ಮಾಡುತ್ತೇನೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರುವ ಹೊತ್ತಿಗೆ ಇನ್ನೊಂದು. ಶಿವರಾತ್ರಿ ಕಳೆದು ಸೆಕೆ ಶುರುವಾದಾಗ ತಳದಲ್ಲಿ ಉಳಿದಿರುವುದನ್ನು ಮೂಸಿ ನೋಡುತ್ತೇನೆ. ವಾಸನೆ ಸರಿಯಿದ್ದರೆ ಹಿಮ್ಮಡಿಗೆ, ಕಮಟಿದ್ದರೆ ಗೇಟಿನ ಕೀಲಿಗೆ.